ಎಡಕ್ಕೆ ಸರಿಯುತ್ತಿದ್ದ ಕಾರು ಮತ್ತು ರೇಡಿಯೋ ಸಾಹೇಬರು

ಮಾನ್ಯ ಓದುಗರಲ್ಲಿ ವಿನಂತಿ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುವುದು ಶಾಲೆಯ ದಿನಗಳಿಂದಲೂ ಉಂಟು. ಅದಕ್ಕಾಗಿ ಮೊದಲಿಗೇ ಕ್ಷಮೆ ಕೋರಿ, ಈ ಕೆಳಕಂಡ ನೆನಪನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಕಳೆದ ತಿಂಗಳು ತಂಗಿಯ ಮಗಳಿಗೆ ಗೇಮ್ ಕಂಟ್ರೋಲರ್ ಕೊಡಿಸಲು ದಾವಣಗೆರೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಮೂಲೆಯಲ್ಲಿ ಮೊಬೈಲ್ ಬಿಚ್ಚಿಕೊಂಡು ಕುಳಿತಿದ್ದ ಮೆಕ್ಯಾನಿಕ್ ಹತ್ತಿಯಿಂದ ಏನನ್ನೋ ಒರೆಸಿದರು. ಸ್ಪಿರಿಟ್ ವಾಸನೆ, ಅದರ ಹಿಂದೆಯೇ ಬೆಸುಗೆಯ ಹೊಗೆ... ಅಷ್ಟಕ್ಕೇ ನಾನು ಪಿ.ಜೆ. ಬಡಾವಣೆಯ ಮೆಟ್ಟಿಲ ಕೆಳಗಿನ ಆ ಹಳೆಯ ಅಂಗಡಿಯಲ್ಲಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೇಲೆ ಮೂಳೆ ಡಾಕ್ಟರ ಕ್ಲಿನಿಕ್, ಕೆಳಗೆ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ರೇಡಿಯೋ ಸಾಹೇಬರು ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆಯೊಂದು ಹಾಸಿರುತ್ತಿತ್ತು. ಯಾವ ಸಾಮಾನು ಬಂದರೂ ಅದರ ಮೇಲಿಟ್ಟು, ಚಾಲೂ ಮಾಡಿ, ಎರಡೂ ಕೈ ಹಿಂದೆ ಕಟ್ಟಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ಗಿರಾಕಿಗಳೂ ಮುಟ್ಟುವಂತಿರಲಿಲ್ಲ. “ಮುಟ್ಟಿದ್ ಮ್ಯಾಲೆ ತಪ್ಪು ಯಾರ್ದು ಅಂತ ಹೆಂಗೆ ಗೊತ್ತಾಗ್ತೈತೆ?” ಎನ್ನುವುದು ಅವರ ಮಾತು.

ನಮ್ಮ ತಂದೆಯವರು ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಆ ವರ್ಷ ಸ್ಕೂಟರಿನಿಂದ ಬಿದ್ದು ಎಡ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆಬ್ಬೆರಳು ಮರಗಟ್ಟಿದಂತಿತ್ತು. ಲೇತಿನಲ್ಲಿ ಹತ್ಯಾರವನ್ನು ಮುಂದೆ ಸರಿಸುವ ಚಕ್ರ ಎಡಗೈಯದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಲಸ ಕೆಡುತ್ತದೆ. ವರ್ಕ್‌ಶಾಪಿನ ಮಾಲೀಕರು, ಲೇತಿಗೆ ಬರುವಿರೋ ಅಥವಾ ಸ್ಟೋರಿನಲ್ಲಿ ಕುಳಿತು ಸಾಮಾನು ಎತ್ತಿಕೊಡುವಿರೋ, ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಅಪ್ಪನಿಗೆ ಸ್ಟೋರೆಂದರೆ ಕಸುಬು ಮುಗಿದಂತೆಯೇ.

ಅಂಗಡಿಯ ಮೇಲಿನ ಆ ಮೂಳೆ ಡಾಕ್ಟರು ಬೆರಳಿನ ವ್ಯಾಯಾಮಕ್ಕೆಂದು ರಬ್ಬರ್ ಚೆಂಡು ಕೊಟ್ಟರು. ಎರಡೇ ದಿನಕ್ಕೆ ಅದು ಕಪಾಟು ಸೇರಿತು. ಆಗ ನಾನು, ಮಸ್ಕತ್ತಿನಿಂದ ಬಂದಿದ್ದ ಸೋದರಮಾವ ಬಿಟ್ಟುಹೋದ ಟಿ.ವಿ. ಗೇಮನ್ನು ಅವರ ಮುಂದಿಟ್ಟೆ. ಅದರ ಕಂಟ್ರೋಲರಿನಲ್ಲಿ ಎಡ ಹೆಬ್ಬೆರಳಿನ ಕೆಳಗೆ ಅಣಬೆಯಂಥ ಪುಟ್ಟ ಕಡ್ಡಿಯಿತ್ತು; ಅದನ್ನು ಒತ್ತಿದ ಕಡೆಗೆ ಟಿ.ವಿ. ತೆರೆಯ ಮೇಲಿನ ಕಾರು ತಿರುಗುತ್ತಿತ್ತು. ಮಕ್ಕಳಾಟವೆಂದು ನಕ್ಕ ಅಪ್ಪ ಮರುದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಆದರೆ ಕಾರು ಸದಾ ಎಡಕ್ಕೇ ಸರಿದು ಗೋಡೆಗೆ ಬಡಿಯುತ್ತಿತ್ತು. ಕೆಲವು ದಿನಗಳಲ್ಲಿ ಅಪ್ಪ ಟಿ.ವಿ. ನೋಡುವುದನ್ನು ಬಿಟ್ಟು ತಮ್ಮ ಬೆರಳನ್ನೇ ನೋಡತೊಡಗಿದರು. ಕೊನೆಗೆ ಶುಕ್ರವಾರ ಕಂಟ್ರೋಲರನ್ನು ಕೆಳಗಿಟ್ಟು, “ಬೆಳ್ಳು ನನ್ ಮಾತು ಕೇಳ್ತಿಲ್ಲವ್ವ. ಸ್ಟೋರಿಗೇ ಹೋಗ್ತೀನಿ ಅಂತ ಹೇಳಿಬಿಡ್ತೀನಿ” ಎಂದರು.

ಶನಿವಾರ ಡಾಕ್ಟರನ್ನು ಕಾಣಬೇಕಿತ್ತು. ಕಂಟ್ರೋಲರಿನ ಒಂದು ಗುಂಡಿಯೂ ಅಂಟಿಕೊಂಡಿದ್ದರಿಂದ, ಎಲ್ಲವನ್ನೂ ವಯರ್ ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದೆವು. ಅಪ್ಪನ ಕಸುಬು, ಕೈಪೆಟ್ಟು ಎರಡನ್ನೂ ಕೇಳಿ ತಿಳಿದ ಸಾಹೇಬರು ಗೇಮನ್ನು ತಮ್ಮ ಟಿ.ವಿ.ಗೆ ಜೋಡಿಸಿ, ಆಡಿ ತೋರಿಸಿ ಎಂದರು. ಕಾರು ಎಂದಿನಂತೆ ಗೋಡೆಗೆ ಹೋಯಿತು.

“ಗುಂಡಿ ಅಷ್ಟು ನೋಡ್ರಿ ಸಾಹೇಬ್ರೆ. ಎಡಕ್ಕೆ ಹೋಗೋದು ನನ್ ಕೈದು.”

“ಕೈ ತೆಗೀರಿ.”

ಸಾಹೇಬರು ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು, ಕಡ್ಡಿಯನ್ನು ಮುಟ್ಟದೆ, ಕಾರು ಓಡಿಸುವ ಗುಂಡಿಯನ್ನಷ್ಟೇ ಒಂದು ಬೆರಳಿನಿಂದ ಒತ್ತಿದರು. ಕಾರು ಹೊರಟಿತು, ಮೆಲ್ಲಗೆ ಎಡಕ್ಕೆ ವಾಲಿತು, ಗೋಡೆಗೆ ಬಡಿಯಿತು.

“ಇದಕ್ಕೂ ಒಂದು ಪ್ಲಾಸ್ಟರ್ ಹಾಕ್ಸಾಣೇನ್ರಿ?” ಎಂದರು ಸಾಹೇಬರು.

ಅಪ್ಪ ನಗಲಿಲ್ಲ. ಸುಳ್ಳು ದೂರು ಹೊತ್ತವರನ್ನು ನೋಡುವಂತೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

“ಲೇತ್‌ನಾಗೆ ಕೆಲ್ಸ ಕೆಟ್ರೆ ಮೊದ್ಲು ಏನ್ ನೋಡ್ತೀರಿ?”

“ಮಷೀನು ಎಲ್ಲಿ ಸಡ್ಲ ಆಗೈತೆ ಅಂತ ನೋಡ್ತೀವಿ.”

“ಮತ್ತೆ ಇಲ್ಲಿ ಯಾಕ ನೋಡ್ಲಿಲ್ಲ?”

“ಕೈ ಮುರಿದಿತ್ತಲ್ರಿ...”

ಸಾಹೇಬರು ಸ್ಕ್ರೂ ಬಿಚ್ಚಿ ಒಳಗನ್ನು ತೋರಿಸಿದರು. ಕಡ್ಡಿಯ ಬುಡದಲ್ಲಿ ರೇಡಿಯೋದ ವಾಲ್ಯೂಮಿನಂಥವೇ ಎರಡು ಪುಟ್ಟ ಭಾಗಗಳಿದ್ದವು. ಹಳೆಯ ರೇಡಿಯೋ ಕರಕರ ಎನ್ನುವುದೂ ಈ ಕಾರು ಸರಿಯುವುದೂ ಒಂದೇ ಕಾಯಿಲೆ, ಒಳಗಿನ ಪಟ್ಟಿ ಸವೆದು ಧೂಳು ಕೂತಿದೆ ಎಂದರು. ಸ್ಪಿರಿಟ್ ಹಾಕಿ ಒರೆಸಿ, ಗುಂಡಿಯನ್ನೂ ಸರಿಮಾಡಿ, ಪುನಃ ಅಪ್ಪನ ಕೈಗೆ ಕೊಟ್ಟರು. ಕಾರು ಈಗ ನೇರವಾಗಿಯೇ ಹೋಯಿತು, ತಿರುವಿನಲ್ಲಿ ಮಾತ್ರ ತುಸು ತಡವರಿಸಿತು.

“ಉಳಿದಿದ್ದು ನಿಮ್ದು. ಇದು ಸ್ಪಿರಿಟ್‌ಗೆ ಹೋಗಲ್ಲ, ವ್ಯಾಯಾಮಕ್ಕೆ ಹೋಗ್ತೈತೆ.”

ಸೋಮವಾರ ಅಪ್ಪ ಮಾಲೀಕರ ಬಳಿ ಒಂದು ತಿಂಗಳ ಅವಕಾಶ ಕೇಳಿದರು, ಅವರು ಒಪ್ಪಿದರು. ವಾರ ಕಳೆಯುವುದರೊಳಗೆ ಕಾರು ಮತ್ತೆ ಎಡಕ್ಕೆ ಸರಿಯಿತು. ಈ ಬಾರಿ ಅಪ್ಪ ಬೆರಳನ್ನು ನೋಡಲಿಲ್ಲ. ಕಂಟ್ರೋಲರನ್ನು ಚಾಪೆಯ ಮೇಲಿಟ್ಟು, ಕಡ್ಡಿಯಿಂದ ಕೈ ತೆಗೆದು, ಗುಂಡಿಯನ್ನಷ್ಟೇ ಒತ್ತಿದರು; ಕಾರು ಆಗಲೂ ಎಡಕ್ಕೇ ಹೋಯಿತು. ನಂತರ ನನ್ನನ್ನು ನೋಡಿ ನಕ್ಕರು. ಅಂತಹ ನಗು ನಾನು ಕಂಡು ಎಷ್ಟೋ ದಿನವಾಗಿತ್ತು...

ಮತ್ತೆ ದಾವಣಗೆರೆಗೆ ಒಯ್ದಾಗ, ಪಟ್ಟಿ ಪೂರಾ ಸವೆದಿದೆ, ಇನ್ನು ಒರೆಸಿ ಫಲವಿಲ್ಲ ಎಂದ ಸಾಹೇಬರು, ಹೊಸದನ್ನು ಆರಿಸಲು ತಾವೇ ಅಂಗಡಿಗೆ ಬಾಗಿಲೆಳೆದು ನಮ್ಮೊಂದಿಗೆ ಬಜಾರಿಗೆ ಬಂದರು. ಹೊಳೆಯುವ, ದುಬಾರಿ ಪೆಟ್ಟಿಗೆಯನ್ನು ತೆಗೆಯಲೂ ಬಿಡಲಿಲ್ಲ. ಕಡ್ಡಿಯನ್ನು ಒತ್ತಿ ಬಿಟ್ಟರೆ ತಟ್ಟನೆ ನಡುವಿಗೆ ಬರಬೇಕು. ಕೈ ತೆಗೆದರೆ ಕಾರು ನೇರ ಹೋಗಬೇಕು. ಬೆನ್ನಿಗೆ ಅಂಟಲ್ಲ, ಸ್ಕ್ರೂ ಇರಬೇಕು. “ಬಿಚ್ಚಾಕ್ ಬರ್ದಿರೋದು ಬ್ಯಾಡ ಬೇಟಿ. ಎಲ್ಲಾನೂ ಒಂದಿನ ಸವೀತೈತೆ. ಒರೆಸಾಕ್ ಬಂದ್ರೆ ನಾಲ್ಕು ದಿನ ಜಾಸ್ತಿ ಬಾಳ್ತೈತೆ” ಎಂದರು. ನಾಲ್ಕನೆಯದನ್ನೂ ಪಕ್ಕಕ್ಕಿಟ್ಟಾಗ ಅಂಗಡಿಯವರು ತಾಳ್ಮೆ ಕಳೆದುಕೊಂಡರು.

“ಸಾಹೇಬ್ರೆ, ಸಾಮಾನು ತಗಳಾಕ್ ಬಂದೀರೋ, ಹೆಣ್ಣು ನೋಡಾಕೋ?”

“ಹೆಣ್ಣಾಗಿದ್ರೆ ಅದೂ ನನ್ನ ನೋಡ್ಬೇಕಿತ್ತು. ಐದ್ನೇದು ತೆಗೀರಿ.”

ಐದನೆಯದು, ಅಗ್ಗದ ಬೂದು ಬಣ್ಣದ್ದು, ನೇರ ಹೋಯಿತು.

ತಿಂಗಳು ತುಂಬುವ ಮೊದಲೇ ಅಪ್ಪ ಲೇತಿನ ಮುಂದೆ ನಿಂತರು. ಮೊದಲ ವಾರದ ಬಿಡುವಿನಲ್ಲಿ ಮಾಲೀಕರ ಅನುಮತಿ ಪಡೆದು, ಒಂದು ತುಂಡು ಹಿತ್ತಾಳೆಯಿಂದ ಬೆರಳುದ್ದದ ಬುಗುರಿ ಕಡೆದು, ಸಾಹೇಬರಿಗೆ ತಲುಪಿಸೆಂದು ನನ್ನ ಕೈಗೆ ಕೊಟ್ಟರು. ಸಾಹೇಬರು ಬಟ್ಟೆಯನ್ನು ಬದಿಗೆ ಸರಿಸಿ, ಮೇಜಿನ ಗಾಜಿನ ಮೇಲೆ ಅದನ್ನು ತಿರುಗಿಸಿ ಕೈ ಹಿಂದೆ ಕಟ್ಟಿದರು. ಬುಗುರಿ ನಿಂತಲ್ಲೇ ತಿರುಗಿತು. ಅದು ಸುಸ್ತಾಗಿ ಮಲಗುವವರೆಗೂ ಅವರು ಬಾಗಿ ನೋಡುತ್ತಿದ್ದರು.

“ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ” ಎಂದರು ಆಮೇಲೆ. “ಅಪ್ಪಾಜಿಗೆ ಹೇಳು ಬೇಟಿ, ಕೈ ಪಾಸು.”

ಅಪ್ಪ ಲೇತಿನಿಂದಲೇ ನಿವೃತ್ತರಾದರು. ಅದನ್ನು ಸಾಹೇಬರಿಗೆ ತಿಳಿಸಬೇಕೆಂದು ನಾನು ಹೋಗುವಷ್ಟರಲ್ಲಿ ಮೆಟ್ಟಿಲ ಕೆಳಗೆ ಜೆರಾಕ್ಸ್ ಅಂಗಡಿಯಿತ್ತು. ಸಾಹೇಬರು ತೀರಿಕೊಂಡು ಎರಡು ವರ್ಷವಾಯಿತೆಂದು ಅಲ್ಲಿನವರು ಹೇಳಿದರು. ನಿಧಾನ ಮಾಡಿದ್ದು ನಾನೇ... ಇದಕ್ಕೆ ಬೇರೆ ಯಾವುದನ್ನೂ ದೂರುವಂತಿಲ್ಲ.

ಕಳೆದ ತಿಂಗಳು ಅಂಗಡಿಯಲ್ಲಿ, ಟಿ.ವಿ.ಗೆ ಜೋಡಿಸಿದ ಕಂಟ್ರೋಲರನ್ನು ಗಾಜಿನ ಮೇಲಿಟ್ಟು ನಾನು ಕೈ ಹಿಂದೆ ಕಟ್ಟಿದೆ. “ದೊಡ್ಡಮ್ಮ, ಹಿಡ್ಕೊಂಡೇ ನೋಡ್ಬಾರ್ದಾ?” ಎಂದಳು ತಂಗಿಯ ಮಗಳು. ಸ್ವಲ್ಪ ತಡಿ ಎಂದೆ. ಮೂರನೆಯದನ್ನಿಟ್ಟಾಗ ತೆರೆಯ ಮೇಲಿನ ಗುರುತು ಅಲುಗಲಿಲ್ಲ, ಕಂಟ್ರೋಲರನ್ನು ತಿರುಗಿಸಿ ನೋಡಿದರೆ ಬೆನ್ನಿಗೆ ನಾಲ್ಕು ಸ್ಕ್ರೂ. ಈಗ ಅಜ್ಜ ಮೊಮ್ಮಗಳು ಸರದಿಯ ಮೇಲೆ ಕಾರು ಓಡಿಸುತ್ತಿದ್ದಾರೆ.

ಇಲ್ಲಿಗೆ ನಾನೂ ಈ ಬರಹದಿಂದ ಕೈ ತೆಗೆಯುತ್ತಿದ್ದೇನೆ. ಎಲ್ಲಾದರೂ ಅದು ತಾನಾಗಿ ಪಕ್ಕಕ್ಕೆ ಸರಿದಿರುವುದು ಕಂಡುಬಂದಲ್ಲಿ, ಆ ತಪ್ಪು ನನ್ನದೇ ಎಂದು ತಿಳಿದು, ದಯಮಾಡಿ ತಾವೇ ಬಿಚ್ಚಿ, ಒರೆಸಿ, ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.