ಗುಂಡಮ್ಮನ ಆರು ಹಲ್ಲು

ಏಳನೆಯ ಅಂತಸ್ತಿನಲ್ಲಿ ಎರಡು ಹಲಗೆಯಷ್ಟೇ ಅಗಲದ ದಾರಿ. ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ ಹೊತ್ತು ಗುಂಡಮ್ಮ ಅದರ ಮೇಲೆ ಮನೆಯಂಗಳದಲ್ಲಿ ನಡೆದಷ್ಟು ಸಲೀಸಾಗಿ ನಡೆಯುತ್ತಿದ್ದಳು. ತೆಲುಗು ನಾಡಿನ ಶಹರದಂಚಿನ ಮಣಿಕೊಂಡದ ಸುತ್ತ ಬಂಡೆ ಒಡೆದು ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು ಅವು. ಯಾದಗಿರಿ ಕಡೆಯಿಂದ ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದ ನೂರಾರು ಮನೆಗಳವರಂತೆ ಅವಳದೂ ತಗಡಿನ ಶೆಡ್ಡಿನ ಸಂಸಾರ. ಗಂಡ ಸಾಬಣ್ಣ ಕಬ್ಬಿಣದ ಸರಳು ಕಟ್ಟುತ್ತಿದ್ದ. ಹತ್ತನೆಯ ತರಗತಿ ಮುಗಿಸಿದ ಮಗಳು ಗಂಗಾ ಒಂದು ಕಂಪನಿಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು.

"ನನ್ನ ಹೇಣ್ತಿ ಯಮ ಬಂದ್ರೂ 'ಪುಟ್ಟಿ ಇಳಸೂತನ ನಿಲ್ಲಪಾ' ಅಂತಾಳ. ಇಕ್ಕಳ ಕಂಡ್ರ ಮಾತ್ರ ಸೀರಿ ತೊಯ್ಸಿಕೊಂತಾಳ," ಎಂದು ಸಾಬಣ್ಣ ಎಲ್ಲರೆದುರು ಆಡಿಕೊಳ್ಳುತ್ತಿದ್ದ.

"ನಿನ್ನ ಬಾಯಾಗ ಇಕ್ಕಳ ಹಾಕಿದ್ರ ಮದ್ಲ ನಾಲಿಗಿ ಕಿತ್ತೀತು, ಸುಮ್ಮಕಿರು," ಎಂದು ಅವಳೂ ತಿರುಗಿಸಿ ಕೊಡುತ್ತಿದ್ದಳು.

ನಗುವ ಮಾತಾದರೂ ಅದು ಸುಳ್ಳಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ದವಡೆ ಬಾತುಕೊಂಡಿತ್ತು. ಊರಿಗೆ ಎತ್ತಿನ ಲಾಳ ಕಟ್ಟಲು ಬಂದವನೇ ಹಲ್ಲನ್ನೂ ಕೀಳುತ್ತಿದ್ದ. ಅಪ್ಪ ತಲೆ ಹಿಡಿದ. ನಾಲ್ಕು ಮಂದಿ ಕೈಕಾಲಿನ ಮೇಲೆ ಕೂತರು. ಹಲ್ಲು ಅರ್ಧಕ್ಕೆ ಮುರಿಯಿತು. ಬೇರು ಒಳಗೇ ಉಳಿದು ಒಂದು ತಿಂಗಳು ಅವಳು ಗಂಜಿಯ ಮೇಲೆ ಬದುಕಿದಳು. ಅಂದಿನಿಂದ ಯಾರಾದರೂ ಬಾಯಿಯ ಕಡೆ ಕೈ ತಂದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹಲ್ಲು ಒಂದೊಂದಾಗಿ ಹುಳುಕಾದವು. ನೋವಿಗೆ ಲವಂಗ ಒತ್ತಿದಳು, ತಂಬಾಕು ಸುಣ್ಣ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಂಡಳು. ಒಂದು ದಿನ ನಾಲಿಗೆಯ ಬುಡದ ಬಳಿ ಹುಣ್ಣೊಂದು ಬೆರಳಿಗೆ ತಾಗಿತು. ಅದನ್ನೂ ಯಾರಿಗೂ ಹೇಳಲಿಲ್ಲ.

ಗಂಗಾಳಿಗೆ ಗೊತ್ತಾಗಿದ್ದು ತಾಯಿ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ನುಂಗತೊಡಗಿದಾಗ. ಜಗಳವಾಡಿ, ಅತ್ತು, ಅವಳನ್ನು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಹುಣ್ಣಿನ ಚೂರು ತೆಗೆದು ನೋಡಿದ ಡಾಕ್ಟರು ಅದು ಕ್ಯಾನ್ಸರ್ ಎಂದರು. ಇನ್ನೂ ಸಣ್ಣದಿದೆ, ಕರೆಂಟು ಕೊಟ್ಟರೆ, ಅಂದರೆ ವಿಕಿರಣ ಹಾಯಿಸಿದರೆ, ವಾಸಿಯಾಗುವ ಆಸೆಯಿದೆ. ಆದರೆ ಆರು ಹುಳುಕು ಹಲ್ಲುಗಳನ್ನು ಮೊದಲು ಕೀಳಿಸಬೇಕು. ಅವನ್ನು ಹಾಗೆಯೇ ಬಿಟ್ಟು ಕರೆಂಟು ಕೊಟ್ಟರೆ ದವಡೆಯ ಎಲುಬೇ ಕೊಳೆಯುತ್ತದೆ. ಹಲ್ಲು ಕಿತ್ತು, ಗಾಯ ಮಾಯಲು ಎರಡು ವಾರ ಬಿಟ್ಟು, ತಿಂಗಳೊಳಗೆ ಕರೆಂಟು ಶುರುವಾಗಬೇಕು.

ಕ್ಯಾನ್ಸರ್ ಎಂದಾಗ ಗುಂಡಮ್ಮ ಅಳಲಿಲ್ಲ. ಆರು ಹಲ್ಲು ಎಂದಾಗ ಎದ್ದು ಹೊರಗೆ ಬಂದುಬಿಟ್ಟಳು.

"ಎಚ್ಚರ ಇರಂಗಿಲ್ಲಬೇ ಅವ್ವಾ. ಸೂಜಿ ಚುಚ್ಚಿ ನಿದ್ದಿ ಬರಸ್ತಾರಂತ. ನೀ ಎದ್ದೇಳೂದ್ರಾಗ ಎಲ್ಲಾ ಮುಗದಿರತೈತಿ," ಎಂದು ಗಂಗಾ ಗೋಗರೆದಳು.

"ಖರೇನಾ? ಯಾರೂ ನನ್ನ ಹಿಡಕೊಳ್ಳಂಗಿಲ್ಲಲ್ಲ?"

"ನಿನ್ನಾಣಿ, ಯಾರೂ ಮುಟ್ಟಂಗಿಲ್ಲ."

ಹಲ್ಲಿನ ವಿಭಾಗದ ಎಳೆಯ ಡಾಕ್ಟರು ಒಳ್ಳೆಯವನು. ತೆಲುಗಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡ. ದಮ್ಮು ಇದೆಯಾ? ಸಕ್ಕರೆ ಕಾಯಿಲೆ? ಕುಡಿಯುವ ಚಟ? ಕೊನೆಯ ಪ್ರಶ್ನೆಗೆ ಗುಂಡಮ್ಮನಿಗೆ ಸಿಟ್ಟೇ ಬಂತು. "ಹೆಣ್ಮಗಳಿಗೆ ಕೇಳೂ ಮಾತೇನ ಅದು? ಸೆರೆ ಮುಟ್ಟಿದಾಕಿ ಅಲ್ಲ ನಾ," ಎಂದಳು. ಗಂಗಾ ಕೂಡ ಇಲ್ಲವೆಂದು ತಲೆಯಾಡಿಸಿದಳು.

ಇಬ್ಬರೂ ಸುಳ್ಳು ಹೇಳಲಿಲ್ಲ. ಸೆರೆ, ಬ್ರಾಂದಿ, ವಿಸ್ಕಿ ಅವರ ಮನೆಯ ಹೊಸ್ತಿಲು ದಾಟಿರಲಿಲ್ಲ. ಸೇಂದಿಯ ಮಾತು ಬೇರೆ. ದಿನದ ಕೆಲಸ ಮುಗಿದ ಮೇಲೆ ಅಂಗಡಿಯಿಂದ ಎರಡು ಬಾಟಲಿ ಸೇಂದಿ ಬರುತ್ತಿತ್ತು. ಪುಟ್ಟಿ ಹೊತ್ತ ಕುತ್ತಿಗೆ ಸಡಿಲವಾಗಲಿ ಎಂದು ಹೆಂಗಸರೂ ಕುಡಿಯುತ್ತಿದ್ದರು, ಮಜ್ಜಿಗೆಯ ಗಡಿಗೆಯ ಪಕ್ಕದಲ್ಲೇ ಇಡುತ್ತಿದ್ದರು. ಗಿಡದಿಂದ ಇಳಿಸಿದ್ದನ್ನು ಕುಡಿಯುವುದು ಚಟ ಹೇಗಾದೀತು? ಹನ್ನೆರಡು ವರ್ಷದಿಂದ ಗುಂಡಮ್ಮ ಅದಿಲ್ಲದೆ ಒಂದು ರಾತ್ರಿಯೂ ಮಲಗಿರಲಿಲ್ಲ.

ಸೂಜಿ ಚುಚ್ಚಿದರು. ನಿದ್ದೆ ಬರಲಿಲ್ಲ. ಇನ್ನಷ್ಟು ಕೊಟ್ಟರು. ದೀಪದ ಬೆಳಕು ಸ್ವಲ್ಪ ಮಂಜಾಯಿತು, ಅಷ್ಟೇ. ಕಣ್ಣು ಮುಚ್ಚಿದ್ದು ನೋಡಿ ಡಾಕ್ಟರು ಬಾಯಿಗೆ ಇಕ್ಕಳ ತಂದಾಗ ಅದರ ತಣ್ಣನೆಯ ಕಬ್ಬಿಣ ತುಟಿಗೆ ತಾಗಿತು. ಗುಂಡಮ್ಮ ಚೀರಿ ಎದ್ದಳು. ಬೀಳದಿರಲಿ ಎಂದು ಇಬ್ಬರು ಆಯಾಗಳು ಅವಳ ತೋಳು ಹಿಡಿದರು. ಹಿಡಿದದ್ದೇ ತಪ್ಪಾಯಿತು. ಅವರನ್ನು ನೂಕಿ, ಕೈಯಲ್ಲಿದ್ದ ಸೂಜಿ ಕಿತ್ತು, ರಕ್ತ ಸುರಿಸುತ್ತಾ ಓಡಿದವಳು ಗೇಟಿನ ಹೊರಗೆ ಹೋಗಿಯೇ ನಿಂತಳು. ಪೈಲ್ವಾನನೂ ಮಲಗುವಷ್ಟು ಔಷಧ ಕೊಟ್ಟಿದ್ದೆ, ಇನ್ನು ಹೆಚ್ಚು ಕೊಟ್ಟರೆ ಉಸಿರು ನಿಂತೀತು ಎಂದು ಡಾಕ್ಟರು ಗಂಗಾಳಿಗೆ ಹೇಳಿದ. ಅವನಿಗೂ ಏನೂ ತಿಳಿಯದಾಗಿತ್ತು.

"ಹಿಡಕೊಳ್ಳಂಗಿಲ್ಲ ಅಂದಿದ್ದೆಲ್ಲ?" ಗುಂಡಮ್ಮ ಮಗಳಿಗೆ ಕೇಳಿದ್ದು ಇಷ್ಟೇ.

ಮರುದಿನವೇ ಅವಳು ಊರಿಗೆ ಹೋದಳು. ಬಳ್ಳಿಯ ರಸ, ಅಂಗಾರ, ಹರಕೆ ಎಲ್ಲವೂ ಆದವು. ಸಾಬಣ್ಣ ಎರಡು ಸಲ ಕರೆಯಲು ಹೋಗಿ ಬರಿಗೈಯಲ್ಲಿ ಬಂದ. ಅವನು ಈಗ ಯಾರೆದುರೂ ಇಕ್ಕಳದ ಮಾತು ಎತ್ತುತ್ತಿರಲಿಲ್ಲ. ಮೂರು ತಿಂಗಳು ಕಳೆದ ಮೇಲೆ, ನೀರು ನುಂಗುವುದೂ ಕಷ್ಟವಾದಾಗ, ಗುಂಡಮ್ಮ ತಾನೇ ರೈಲು ಹತ್ತಿ ಬಂದಳು. "ಸೂಜಿ ಹತ್ತಲಿ ಬಿಡಲಿ, ಕೀಳಲಿ ನಡಿ," ಎಂದಳು.

ಈ ಸಲ ಕಾಗದ ಬರೆದುಕೊಳ್ಳಲು ಕೂತಿದ್ದವಳು ವತ್ಸಲಾ ಎಂಬ ನರ್ಸು, ರಾಯಚೂರಿನ ಕಡೆಯವಳು. ಹಳೆಯ ಚೀಟಿ ಓದಿ, ಗುಂಡಮ್ಮನ ಮುಖ ನೋಡಿ ಕನ್ನಡದಲ್ಲೇ ಕೇಳಿದಳು: "ಅಕ್ಕಾ, ಸೇಂದಿ ಕುಡಿತೀಯೇನು?"

"ಕುಡಿತೀನಿ. ಅದಕ್ಕೇನಾತು?"

"ದಿನಾ?"

"ದಿನಾ ಉಣ್ಣಂಗಿಲ್ಲೇನು ನೀನು?"

ವತ್ಸಲಾ ಪೆನ್ನು ಕೆಳಗಿಟ್ಟಳು. "ಈ ಊರಾಗ ಅಷ್ಟು ಗಿಡ ಎಲ್ಲಿ ಅದಾವ ಅಕ್ಕಾ? ನೀರಿನಾಗ ನಿದ್ದಿ ಗುಳಿಗಿ ಪುಡಿ ಕಲಸಿ ಮಾರತಾರ. ಇಷ್ಟು ವರ್ಷ ನೀ ಕುಡದದ್ದು ಅದನ್ನ. ಇಲ್ಲಿ ಸೂಜಿಯೊಳಗ ಇರೂದೂ ಅಂಥಾದ್ದ. ನಿನ್ನ ಮೈ ಅದಕ್ಕ ಒಗ್ಗಿ ಹೋಗೇತಿ, ಹತ್ತೂದು ಹ್ಯಾಂಗ? ಮದ್ಲ ಹೇಳಿದ್ರ ಬ್ಯಾರೆ ಔಷಧ ಕೊಡ್ತಿದ್ರು."

"ಅವ್ರು ಕೇಳಲಿಲ್ಲಲ್ಲ ತಾಯಿ," ಎಂದಳು ಗುಂಡಮ್ಮ. ಗಂಗಾ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಎರಡು ಬಾಟಲಿಗಳನ್ನು ದಿನವೂ ತಂದುಕೊಡುತ್ತಿದ್ದವಳು ಅವಳೇ.

ಮತ್ತೊಂದು ವಾರಕ್ಕೆ, ದೊಡ್ಡ ಆಪರೇಷನ್ ಕೋಣೆಯಲ್ಲಿ, ಅರಿವಳಿಕೆಯ ಡಾಕ್ಟರನ್ನು ಕರೆಸಿ ಬೇರೆ ಔಷಧ ಕೊಟ್ಟರು. ವತ್ಸಲಾ ಹಣೆಯ ಮೇಲೆ ಕೈಯಿಟ್ಟು, "ನಿನ್ನೂರಿನ ಹೊಲಗೋಳ ಹೆಸರು ಹೇಳಕ್ಕ," ಎಂದಳು. ಗುಂಡಮ್ಮ ಎರಡು ಹೆಸರು ಹೇಳಿದಳು. ಮೂರನೆಯದು ಬಾಯಿಗೆ ಬರಲಿಲ್ಲ.

ಕಣ್ಣು ತೆರೆದಾಗ ಬಾಯಿ ತುಂಬ ಹತ್ತಿ. "ಯಾವಾಗ ಶುರು ಮಾಡ್ತಾರ?" ಎಂದು ತೊದಲಿದಳು.

"ಮುಗೀತಬೇ ಅವ್ವಾ. ಆರೂ ಬಂದಾವ."

ಗುಂಡಮ್ಮ ನಂಬದೆ ನಾಲಿಗೆ ಆಡಿಸಿ ನೋಡಿದಳು. ಮತ್ತೆ ಮತ್ತೆ ನೋಡಿದಳು. ಆಮೇಲೆ ಅವಳ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. "ಇಷ್ಟೇನಾ?" ಎಂದಳು. "ಇಷ್ಟಕ್ಕ ನಾ ಮುವ್ವತ್ತೈದು ವರ್ಷ ಅಂಜಿ ಸತ್ತೆನಾ?"

ಗಾಯ ಚೆನ್ನಾಗಿಯೇ ಮಾಯಿತು. ಕರೆಂಟಿನ ಡಾಕ್ಟರು ಹೊಸ ಫೋಟೋಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಗಂಗಾಳೊಂದಿಗೆ ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ಮಾತಾಡಿದರು. ಕುತ್ತಿಗೆಗೂ ಎದೆಗೂ ಹಬ್ಬಿದೆ. ಈಗ ಕರೆಂಟು ಕೊಡುವುದು ನೋವು ಕಡಿಮೆಯಾಗಲಿ ಎಂದು ಮಾತ್ರ.

ಹೊರಗೆ ಬಂದು ಗಂಗಾ, "ಸೋಮಾರದಿಂದ ಶುರು ಮಾಡ್ತಾರಂತ. ಆರಾಮ ಆಗತೈತಂತ," ಎಂದಳು.

"ನನಗೂ ತೆಲುಗು ಬರತೈತಿ ಮಗಳ," ಎಂದಳು ಗುಂಡಮ್ಮ. ಅಷ್ಟು ಹೇಳಿ ಮಗಳ ಕೈ ಹಿಡಿದುಕೊಂಡಳು.

ಆಮೇಲೆ ಅವಳು ಬದುಕಿದ್ದು ಐದು ತಿಂಗಳು. ಪಕ್ಕದ ಶೆಡ್ಡಿನ ಗದಿಗೆಮ್ಮ ಹಲ್ಲು ನೋವಿಗೆ ಕೆನ್ನೆ ಹಿಡಿದು ಕೂತದ್ದನ್ನು ಕಂಡು ಆ ದಿನಗಳಲ್ಲೇ ಒಂದು ಬೆಳಗ್ಗೆ ಅವಳನ್ನು ದವಾಖಾನೆಗೆ ಕರೆದುಕೊಂಡು ತಾನೇ ಹೊರಟಳು. ಗದಿಗೆಮ್ಮ, "ನಿನ್ನ ಮೈಯಾಗ ಶಕ್ತಿ ಇಲ್ಲ, ನೀ ಎಲ್ಲಿ ಬರತಿ, ಮಲಕೋ ಎವ್ವಾ," ಎಂದರೂ ಕೇಳಲಿಲ್ಲ. ಬಸ್ಸಿನಲ್ಲಿ ನಿಲ್ಲಲಾಗದೆ ಮೆಟ್ಟಿಲ ಮೇಲೆ ಕೂತು ಹೋದಳು. ಚೀಟಿ ಬರೆಯುವವನ ಮುಂದೆ ಗದಿಗೆಮ್ಮ ನಾಚಿ ನಿಂತಾಗ, ಮಾತು ಹೊರಡದ ಗಂಟಲಿನಿಂದ ಗುಂಡಮ್ಮನೇ ಹೇಳಿದಳು:

"ಬರಕೋರಿ ಸಾಹೇಬ್ರ. ಈಕಿ ಸೇಂದಿ ಕುಡಿತಾಳ. ದಿನಾ."