ಕೊಬ್ಬರಿ ಕೊಟ್ಟಿಗೆಯ ಮೊದಲ ಪ್ರಾರ್ಥನೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಎರಡು ದಾರಿ. ಅಮ್ಮ ಕ್ಯಾಥೊಲಿಕ್, ಅಪ್ಪ ಪ್ರೊಟೆಸ್ಟಂಟ್. ಇಬ್ಬರ ಚರ್ಚೂ ಹೊನ್ನಾವರದಲ್ಲಿ. ಕಾಯ್ಕಿಣಿಯಿಂದ ಬಸ್ಸಿನಲ್ಲಿ ಹೋಗಿ, ಶರಾವತಿಯನ್ನು ದೋಣಿಯಲ್ಲಿ ದಾಟಬೇಕಿತ್ತು. ಒಂದೇ ದೋಣಿಯಲ್ಲಿ ಕೂತು ಹೋದವರು ದಡ ಹತ್ತಿದ ಮೇಲೆ ಬೇರೆ ಬೇರೆ ಬೀದಿ ಹಿಡಿಯುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಏರಿದರೆ ಅದೂ ಇಲ್ಲ.

ಅಂಥ ಒಂದು ಮಳೆಗಾಲದಲ್ಲಿ ಅಪ್ಪ ಹಟ ಹಿಡಿದ. ಊರಿನ ಏಳು ಕ್ರೈಸ್ತ ಮನೆಯವರೂ, ಯಾವ ಪಂಗಡವಾದರೂ ಸರಿ, ನಮ್ಮ ಕೊಬ್ಬರಿ ಕೊಟ್ಟಿಗೆಯಲ್ಲಿ ಸೇರಿ ಒಟ್ಟಿಗೆ ಪ್ರಾರ್ಥನೆ ಮಾಡಬೇಕು ಎಂದ. ಪಾದ್ರಿಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಮ್ಮನ ತಾಯಿ, ನಮ್ಮ ಅಜ್ಜಿ, ಮಾತ್ರ "ಒಂದ್ ಸಲ ಬರ್ತೆ. ಸರಿ ಕಾಣದಿದ್ರೆ ಮತ್ತೆ ನಿಮ್ಮನೆ ಮೆಟ್ಟಿಲು ಹತ್ತೂದಿಲ್ಲ" ಅಂದುಬಿಟ್ಟಳು. ಅಮ್ಮನ ಮುಖ ಬಾಡಿತು.

ತೊಡಕು ಇದ್ದದ್ದು ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಕೊನೆಯಲ್ಲಿ. ಕೇಡಿನಿಂದ ಕಾಪಾಡೆಂದು ಬೇಡಿಕೊಂಡಲ್ಲಿಗೆ ಅಮ್ಮನ ಕಡೆಯವರು ಆಮೆನ್ ಹೇಳಿ ಮುಗಿಸುತ್ತಿದ್ದರು. ಅಪ್ಪನ ಕಡೆಯವರು ದೇವರ ಮಹಿಮೆಯನ್ನು ಹೊಗಳುವ ಇನ್ನೊಂದು ಸಾಲು ಹೇಳಿದ ಮೇಲೆಯೇ ಆಮೆನ್ ಎನ್ನುತ್ತಿದ್ದರು. ಹೇಳಿಕೊಡುವವರು ಎಲ್ಲಿ ನಿಲ್ಲಿಸಬೇಕು? ದೊಡ್ಡವರು ಯಾರು ನಿಂತರೂ ಒಂದು ಕಡೆಗೆ ಸಿಟ್ಟು. ಹಾಗಾಗಿ ಎರಡೂ ಕಡೆಗೆ ಸೇರಿದ ಮಕ್ಕಳೇ ಹೇಳಿಕೊಡಲಿ ಎಂದು ತೀರ್ಮಾನವಾಯಿತು. ಅಕ್ಕ ಜಾಣೆ, ಗಂಟಲು ಕಟ್ಟಿದೆ ಎಂದು ನುಣುಚಿಕೊಂಡಳು. ಸಿಕ್ಕಿಬಿದ್ದವಳು ನಾನು.

ಆ ಭಾನುವಾರ ಬೆಳಿಗ್ಗೆ ಅಪ್ಪನ ಅಕ್ಕ, ನಮ್ಮ ಅತ್ತೆ, ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ "ಅರ್ಧಕ್ಕೆ ಬಿಡಬ್ಯಾಡ, ಆತಾ?" ಅಂದಳು. ಅಜ್ಜಿ ಬಂದವಳೇ ನನ್ನ ಗಲ್ಲ ಹಿಡಿದು "ಇಲ್ಲದ್ದನ್ನ ಸೇರ್ಸಬ್ಯಾಡ, ಆತಾ?" ಅಂದಳು. ಇಬ್ಬರಿಗೂ "ಆತು" ಅಂದೆ. ಅಪ್ಪನನ್ನು ಕೇಳಿದರೆ "ನಿಂಗೆ ತೋಚಿದ ಹಾಂಗೆ ಮಾಡು" ಎಂದು ಜಾರಿಕೊಂಡ. ಹಟ ಹಿಡಿದವನು ಅವನು, ಪೇಚಿಗೆ ಬಿದ್ದವಳು ನಾನು!

ಕೊಟ್ಟಿಗೆಯ ತುಂಬ ಕೊಬ್ಬರಿಯ ಕಮಟು, ಒದ್ದೆ ಕೊಡೆಗಳ ವಾಸನೆ, ಮೇಣದಬತ್ತಿಯ ಹೊಗೆ. ಅಮ್ಮನ ಕಡೆಯವರು ಚಾಪೆಯ ಮೇಲೆ ಮೊಣಕಾಲೂರಿದರು. ಅಪ್ಪನ ಕಡೆಯವರು ಕಣ್ಣು ಮುಚ್ಚಿ ನಿಂತರು. ನಾನು ಒಂದೊಂದೇ ಸಾಲು ಹೇಳಿದೆ, ಅವರು ನನ್ನ ಹಿಂದೆ ಹೇಳಿದರು. ಪ್ರತಿ ಸಾಲಿಗೂ ಆ ಜಾಗ ಹತ್ತಿರ ಬರುತ್ತಿತ್ತು. ನನ್ನಿಂದಲೇ ಈ ಸಭೆ ಮುರಿದುಹೋದರೆ, ಅಜ್ಜಿ ಮತ್ತೆ ಬರದೇ ಹೋದರೆ ಎಂದು ಹೆದರಿದೆ. ಕೇಡಿನ ಸಾಲು ಮುಗಿಯಿತು. ನನ್ನ ಬಾಯಿ ಕಟ್ಟಿತು.

ಹೆಂಚಿನ ಮೇಲೆ ಮಳೆ ಬೀಳುವುದೊಂದೇ ಸದ್ದು. ಎಲ್ಲರೂ ನನಗಾಗಿ ಕಾದರು. ನನಗೆ ಅಳು ಬಂತು.

ಆಗ ನಿಂತವರ ನಡುವಿನಿಂದ ಗಟ್ಟಿಯಾಗಿ "ಆಮೆನ್" ಕೇಳಿತು. ನೋಡಿದರೆ ಅತ್ತೆ! ತನ್ನ ಸಾಲನ್ನು ಬಿಟ್ಟುಕೊಟ್ಟು ಅಜ್ಜಿಯವರ ರೀತಿಯಲ್ಲೇ ಮುಗಿಸಿಬಿಟ್ಟಿದ್ದಳು. ಅಜ್ಜಿ ತಲೆ ಎತ್ತಿ ಅವಳನ್ನೇ ನೋಡಿದಳು.

"ಎಂತಕ್ಕೆ ನಿಲ್ಲಿಸ್ದೆ?" ಅಂದಳು ಅಜ್ಜಿ ನನಗೆ. "ಅವರದ್ದು ಒಂದು ಸಾಲು ಉಳ್ದದೆ ಅಲ್ವಾ? ಬೇಗ ಹೇಳು, ನಂಗೆ ಮಂಡಿ ನೋಯ್ತದೆ."

ಅಳುತ್ತಲೇ ಹೇಳಿದೆ. ಎಲ್ಲರೂ ಇನ್ನೊಮ್ಮೆ ಆಮೆನ್ ಅಂದರು.

ಮುಂದಿನ ವಾರ ಎರಡು ಮನೆಯವರು ಬರಲಿಲ್ಲ. ಅಪ್ಪ ಅವರಿಗೂ ಚಾಪೆ ಹಾಸಿ ಕಾದ, ಅವರು ಕಡೆಗೂ ಬರಲಿಲ್ಲ. ಆದರೆ ಅಜ್ಜಿ ಬಂದಳು. ಅಂದಿನಿಂದ ನಮ್ಮ ಸಭೆಯಲ್ಲಿ ಆ ಪ್ರಾರ್ಥನೆಗೆ ಎರಡು ಆಮೆನ್.

ಈಗ ಹೊಳೆಗೆ ಸೇತುವೆ ಇದೆ. ಕೊಟ್ಟಿಗೆಯ ಜಾಗದಲ್ಲಿ ಫ್ಯಾನು ತಿರುಗುವ ಹಾಲ್ ಇದೆ. ಪಕ್ಕದಲ್ಲಿ ಕೂತವರು ಯಾವ ಕಡೆಯವರೆಂದು ಸಭೆಯ ಈಗಿನ ಮಕ್ಕಳಾದ ನಿಮಗೆ ಗೊತ್ತಿಲ್ಲ, ನೀವು ಕೇಳುವುದೂ ಇಲ್ಲ. ಅದು ನನಗೆ ಸಂತೋಷವೇ. ಪ್ರಾರ್ಥನೆಯ ಸಾಲುಗಳು ಪರದೆಯ ಮೇಲೆ ಬರುತ್ತವೆ, ನೀವು ನೋಡಿ ಓದುತ್ತೀರಿ. ಅವನ್ನು ಟೈಪ್ ಮಾಡುವ ನನ್ನ ದೊಡ್ಡ ಮೊಮ್ಮಗ ಮೊನ್ನೆ ಮೊದಲಿನ ಆಮೆನ್ ತಪ್ಪಿ ಬಂದಿದೆ ಅಂದುಕೊಂಡು ಅಳಿಸಿಬಿಟ್ಟಿದ್ದ. ಎಲ್ಲರೂ ನಿಲ್ಲದೆ ಮುಂದೆ ಹೋದರು, ನಾನೊಬ್ಬಳೇ ಆಮೆನ್ ಅಂದೆ.

ಅದು ತಪ್ಪಲ್ಲ ಮಗಾ. ಅದು ನಮ್ಮ ಅತ್ತೆ ಅಜ್ಜಿಗೆ ಕೊಟ್ಟದ್ದು. ವಾಪಸ್ ಹಾಕು.