ಕಲ್ಲಿನ ಕೆಳಗಿನ ಇದ್ದಿಲು

ಹವಾಲ್ದಾರ ಕಾಕಾರ ಎಡಗಿವಿಯ ಮೇಲರ್ಧ ಇರಲಿಲ್ಲ. ವಾಯವ್ಯ ಸರಹದ್ದಿನ ಗುಡ್ಡದಲ್ಲಿ ಪಠಾಣನೊಬ್ಬನ ಗುಂಡು ಅದನ್ನು ಒಯ್ದಿತ್ತು. ರುಮಾಲನ್ನು ಎಷ್ಟು ಕೆಳಗೆಳೆದು ಸುತ್ತಿದರೂ ಕಾಣುತ್ತಿತ್ತು. "ಹೊಡದಂವಾ ಏನಾದ್ರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಮೂರು ದಿನ ಕಲ್ಲಿನ ಹಿಂದ ಬಿದ್ಕೊಂಡು ಕಾದ್ನೆವಾ. ನಾಕನೇ ದಿನ ಅಂವಾ ನೀರಿಗೆ ಬಂದ," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಪಲ್ಟನ್ ಬಿಟ್ಟು ಬಂದ ಅವರಿಗೆ ಸರಕಾರ ಸುಳ್ಳ ಊರಿನ ಹಾದಿಯಲ್ಲಿ ಜಾಲಿಕಂಟಿ ತುಂಬಿದ ಪಡಭೂಮಿ ಕೊಟ್ಟಿತ್ತು. ಅಲ್ಲಿ ಮೊದಲ ಮನೆ ಕಟ್ಟಿದವರು ಕಾಕಾ ಮತ್ತು ಅವರ ಹೆಂಡತಿ ಕಾಕು; ಎರಡನೆಯದು ನನ್ನ ಮಾವನದು. ಹದಿನೈದರ ಸೊಸೆಯಾಗಿ ಬಂದ ನನಗೆ ರೊಟ್ಟಿ ಬಡಿಯುವುದನ್ನೂ ಅತ್ತೆಯ ಬೈಗುಳಕ್ಕೆ ನಕ್ಕುಬಿಡುವುದನ್ನೂ ಕಲಿಸಿದವರು ಕಾಕು. ಅವರು ಜ್ವರದಲ್ಲಿ ತೀರಿಕೊಂಡಾಗ ಕಾಕಾ ಹೊಲದ ಬಡಗಣ ಅಂಚಿನಲ್ಲಿ ಮಣ್ಣು ಮಾಡಿ, ಬೇವಿನ ಸಸಿ ನೆಟ್ಟರು. ಮಕ್ಕಳಿರಲಿಲ್ಲ. ದಿನಾ ಮುಂಜಾನೆ ಸಸಿಗೆ ಒಂದು ಕೊಡ ನೀರು ಹಾಕಿ, "ಬಿಸಲು ಭಾಳ ಐತಿ ಇವತ್ತ," ಎಂದು ಅದಕ್ಕೆ ಹೇಳಿ ಬರುತ್ತಿದ್ದರು.

ಬಾಜೂ ಹೊಲ ಊರಗೌಡನದು. ಕಾಕಾ ಪಿಂಚಣಿಯ ಕಾಗದಕ್ಕೆಂದು ಎಂಟು ದಿನ ಬೆಳಗಾವಿಗೆ ಹೋಗಿದ್ದಾಗ ಅವನು ಗಡಿಯ ಎರಡು ಬಾಂದಗಲ್ಲು ಕಿತ್ತು, ಇಪ್ಪತ್ತು ಹೆಜ್ಜೆ ಈಚೆ ನೆಟ್ಟ. ಬೇವನ್ನು ಕಡಿದೊಗೆದ. ಕಾಕುವಿನ ಸಮಾಧಿಯ ಮೇಲೆಯೇ ನೇಗಿಲು ಹೊಡೆಸಿದ. ತಡೆಯಲು ಹೋದ ನನ್ನ ಮಾವ ಹೊಡೆತ ತಿಂದು ಬಂದರು.

ಕಾಕಾ ಬಂದರು, ನೋಡಿದರು. ಕೊಡಲಿ ಹಿಡಿಯುತ್ತಾರೆಂದು ಊರು ಕಾದಿತ್ತು. ಗೌಡ ಮೀಸೆ ತಿರುವುತ್ತ, "ಬಾಂದಗಲ್ಲು ಎಲ್ಲೈತೋ ಅಲ್ಲೇ ಗಡಿ. ಕಣ್ಣ ಕಾಣೂದಿಲ್ಲೇನು ಹವಾಲ್ದಾರ?" ಎಂದ.

"ಕಾಣತೈತ್ರಿ ಗೌಡ್ರ," ಎಂದಷ್ಟೇ ಹೇಳಿ ಕಾಕಾ ಮನೆಗೆ ಬಂದರು. ನನಗೆ ಅವರ ಮೇಲೆಯೇ ಸಿಟ್ಟು ನೆತ್ತಿಗೇರಿತು. "ಇಷ್ಟ ಏನ್ರಿ ನಿಮ್ಮ ಪಲ್ಟನ್?" ಎಂದೆ.

"ಸಿಟ್ಟು ಹಪ್ಪಳ ಇದ್ದಂಗವಾ. ಹಸೀದು ಕರದ್ರ ಕೆಡತೈತಿ. ಜಮೀನು ಅಳತಿ ಮಾಡೋ ಈಗಿನ ಮೋಜಣಿದಾರ ಗೌಡನ ಅಳಿಯ. ಅಂವಾ ವರ್ಗ ಆಗ್ಲಿ ತಡಿ."

ನಾಲ್ಕು ವರ್ಷ ತಡೆದರು. ಹೊಸ ಮೋಜಣಿದಾರ ಬಂದ ದಿನವೇ ಅರ್ಜಿ ಕೊಟ್ಟರು. ಅಳತೆಗೆ ಊರೇ ನೆರೆದಿತ್ತು. ಗೌಡ ನೆಟ್ಟ ಕಲ್ಲುಗಳ ಬುಡ ಅಗೆಸಿದರೆ ಬರೀ ಎರೆಮಣ್ಣು. ಕಾಕಾ ತಮ್ಮ ಹೊಸ್ತಿಲಿನಿಂದ ಹೆಜ್ಜೆ ಎಣಿಸುತ್ತ ಗೌಡನ ಜೋಳದೊಳಕ್ಕೆ ನಡೆದು ಒಂದು ಕಡೆ ಸನಿಕೆ ಊರಿದರು. ಮೊಳಕಾಲಾಳದಲ್ಲಿ ಇದ್ದಿಲು ಬಂತು, ಗಡಿಗೆಯ ಚೂರು ಬಂತು. ಬಾಂದಗಲ್ಲು ನೆಡುವಾಗ ಸಾಕ್ಷಿಗೆಂದು ಇವನ್ನು ಅಡಿಗೆ ಹಾಕುವುದು ನಮ್ಮ ಕಡೆಯ ರೂಢಿ. ಅವಸರದ ಗೌಡ ಕಲ್ಲನ್ನಷ್ಟೇ ಕಿತ್ತಿದ್ದ.

ಕಲ್ಲು ಹೊರಲು ಮೋಜಣಿದಾರ ಆಳುಗಳನ್ನು ಕರೆದ. ಕಾಕಾ ಅಡ್ಡ ಬಂದರು. "ಆಳು ಮುಟ್ಟಬಾರದ್ರಿ ಸಾಹೇಬ್ರ. ಗೌಡ್ರ ಹೊರಬೇಕು. ಇಲ್ಲಾಂದ್ರ ನಾ ಧಾರವಾಡ ಕೋರ್ಟಿಗೆ ಹೊಂಟೆ."

ಗೌಡ ಹೊತ್ತ. ಎರಡನೆಯ ಕಲ್ಲಿಗೆ ಅವನ ರುಮಾಲು ಜಾರಿ ಬಿತ್ತು, ಯಾರೂ ಎತ್ತಿಕೊಡಲಿಲ್ಲ. ಕಾಕಾ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ನಾನು ಬಾಯಿಗೆ ಸೆರಗು ಹಿಡಿಯದೆ ನಕ್ಕೆ. ಮರುದಿನ ಕಾಕುವಿನ ತಲೆಯ ಬಳಿ ಹೊಸ ಬೇವು ನೆಟ್ಟೆವು.

ಎರಡು ವರ್ಷದ ಮೇಲೆ ಕಾಕಾ ಹಾಸಿಗೆ ಹಿಡಿದರು. ಒಂದು ದಿನ ಹತ್ತಿರ ಕರೆದು, "ನಾಕ ಮಂದಿ ನೋಡ್ಲಿ ಅಂತ ಗೌಡ ನನಗ ಮಣ್ಣ ಕೊಡಾಕ ಬರ್ತಾನ. ಬರ್ಲಿ. ತನ್ನ ಹೊಲದ ಮಣ್ಣ ತರ್ಲಿ. ನಂದು ಒಂದು ಹಿಡಿನೂ ಅವನ ಕೈಗೆ ಹತ್ತಬಾರದು," ಎಂದರು.

ಕಾಕುವಿನ ಪಕ್ಕದಲ್ಲೇ ಕುಣಿ ತೋಡಿದೆವು. ಗೌಡ ಬಂದ. ಕಾಕಾ ಹೇಳಿದ್ದನ್ನು ಎಲ್ಲರೆದುರು ಹೇಳಿದೆ. ಅತ್ತೆ ಸೆರಗು ಜಗ್ಗಿದರು, ನಾನು ಬಿಡಲಿಲ್ಲ. ಗೌಡ ತನ್ನ ಹೊಲಕ್ಕೆ ಹೋಗಿ ಬೊಗಸೆ ತುಂಬ ಮಣ್ಣು ತಂದು ಬಾಂದಗಲ್ಲಿನ ಆಚೆ ನಿಂತ.

"ಒಳಗ ಬರಲೇನವಾ?" ಎಂದ.

ನೆತ್ತಿಯ ಮೇಲೆ ಬಿಸಿಲಿತ್ತು. ಅವನ ಬೆರಳ ಸಂದಿನಿಂದ ಮಣ್ಣು ಸೋರತೊಡಗಿತು. ನನಗೆ ಕನಿಕರ ಬರಲಿಲ್ಲ, ಇಂದಿಗೂ ಬಂದಿಲ್ಲ. ಕಾಯುವುದನ್ನು ಕಾಕಾ ನನಗೆ ಕಲಿಸಿದ್ದರು. ಆ ಬೊಗಸೆ ಖಾಲಿಯಾಗುವವರೆಗೂ ನಾನು ಉತ್ತರ ಕೊಡಲಿಲ್ಲ.